ಸಿಂಹದ ಪೆಟ್ಟಿಗೆಯಲ್ಲಿ ಬೀಗರ ಹುಂಜ

ಸೋದರಳಿಯನಿಗೆ ಹೆಣ್ಣು ಕೇಳಲು ಮೊದಲ ಸಲ ಹೊರಟಾಗ ಜೈಲೋಸಿ ಮ್ತೆಂಜೆಯವರು ಹುಂಜವನ್ನು ಮಿನಿಬಸ್ಸಿನಲ್ಲಿ ಮರೆತು ಇಳಿದರು. ಹುಂಜ ಸೀಟಿನ ಕೆಳಗೆ ಚೀಲದಲ್ಲಿತ್ತು. ಸೀಟಿನ ಮೇಲೆ ಚರ್ಚಿನ ಹಿರಿಯರಾದ ಇವರಿದ್ದರು. ಲಿವಾಂಬೆ ಕ್ರಾಸು ಬಂದಾಗ ಕೋಟಿನ ಗುಂಡಿ ಹಾಕಿಕೊಂಡು ಗಂಭೀರವಾಗಿ ಇಳಿದರು. ಚಾಲಕನಿಗೆ ದೇವರು ಒಳ್ಳೆಯದು ಮಾಡಲೆಂದು ಹರಸಿದರು. ಬಸ್ಸು ಕೆಂಪು ಧೂಳೆಬ್ಬಿಸಿಕೊಂಡು ಬ್ಲಾಂಟೈರ್ ಪಟ್ಟಣದ ಕಡೆ ಮರೆಯಾದ ಮೇಲೆ ತಂಗಿ ಎನೆಲೆಸಿ ಕೇಳಿದಳು:

"ಅಣ್ಣಾ, ನಿನ್ನ ಕೈಲಿ ಏನಿದೆ?"

ಜೈಲೋಸಿಯವರು ಎರಡೂ ಕೈ ನೋಡಿಕೊಂಡರು. ಒಂದರಲ್ಲಿ ಬೈಬಲ್ ಇತ್ತು. ಇನ್ನೊಂದರಲ್ಲಿ ಏನೂ ಇರಲಿಲ್ಲ.

ಹುಂಜವಿಲ್ಲದೆ ಹೆಣ್ಣು ಕೇಳುವುದೆಂದರೆ ಬಾಯಿಲ್ಲದೆ ಪ್ರಾರ್ಥನೆ ಹೇಳಿದಂತೆ. ಹುಡುಗನ ಸೋದರಮಾವ ಹುಂಜ ಕೊಡಬೇಕು, ಹುಡುಗಿಯ ಸೋದರಮಾವ ಹೇಂಟೆ ಕೊಡಬೇಕು. ಎರಡು ಕೋಳಿಗಳು ಕೈಯಿಂದ ಕೈಗೆ ದಾಟಿದ ಮೇಲೆಯೇ ಎರಡು ಮನೆಯವರು ಬೀಗರು. ಅಲ್ಲಿಯ ತನಕ ಹುಡುಗ ಹುಡುಗಿ ಎಷ್ಟು ಪ್ರೀತಿಸಿದ್ದರೂ ಅದು ಅವರವರ ಖಾಸಗಿ ಸಮಾಚಾರ.

ಹುಡುಗಿ ಜಿಯೋನೆಯ ಸೋದರಮಾವ ಲಾಸ್ಟನ್ ಚಿಪೇತಾ ಸಾಮಾನ್ಯನಲ್ಲ. ಲಿವಾಂಬೆ ಕಾಡಿನ ಕಾವಲುಗಾರರಿಗೆಲ್ಲ ಮುಖ್ಯಸ್ಥ. ಅಂದು ಕ್ರಾಸಿನ ತನಕ ಎದುರುಗೊಳ್ಳಲು ಬಂದಿದ್ದ ಆತ ಜೈಲೋಸಿಯವರ ಬರಿಗೈಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ:

"ಅಲಾಮು, ನಾವು ಬೀಗರಾಗೋರು ಅಂತ ಈಗಲೇ ಹಾಗೆ ಕರೀತಿದೀನಿ. ಮರೆವು ಎಲ್ಲರಿಗೂ ಇದೆ. ದೇವರು ಕ್ಷಮಿಸ್ತಾನೆ, ನಾನೂ ಕ್ಷಮಿಸಿದೀನಿ. ಮುಂದಿನ ಶನಿವಾರ ನಮ್ಮ ಕ್ಯಾಂಪಿಗೇ ಬನ್ನಿ. ಆವತ್ತೂ ನನ್ನ ಅಂಗಳಕ್ಕೆ ಹುಂಜ ಬರಲಿಲ್ಲ ಅಂದ್ರೆ ಮಾತು ಅಲ್ಲಿಗೇ ಮುಗೀತು. ಒಂದು ಹುಂಜ ಕಾಯಕ್ಕೆ ಬಾರದ ಮನೆಗೆ ನಮ್ಮ ಹುಡುಗೀನ ಏನು ನಂಬಿ ಕಳಿಸಲಿ?"

ಆ ವಾರವೆಲ್ಲ ಊರಿನಲ್ಲಿ ಜೈಲೋಸಿಯವರಿಗೆ ತಲೆ ಎತ್ತಲಾಗಲಿಲ್ಲ. ಅವರ ಸೈಕಲ್ ರಿಪೇರಿ ಅಂಗಡಿಯ ಎದುರಿಗೇ ಕ್ಷೌರದ ಸೌಲೋಸಿಯ ಮರದ ನೆರಳು. ಸೌಲೋಸಿ ಗಿರಾಕಿಯ ತಲೆಯ ಮೇಲೆ ಕತ್ತರಿ ಆಡಿಸುತ್ತಲೇ, ದೊಡ್ಡವರನ್ನು ಕರೆಯುವಂತೆ ಬಾಂಬೊ ಎಂದೇ ಕೂಗುತ್ತಿದ್ದ:

"ಬಾಂಬೊ ಮ್ತೆಂಜೆ, ಹುಂಜ ಪತ್ರ ಬರೀತಾ? ಬ್ಲಾಂಟೈರಲ್ಲಿ ಕೆಲಸ ಸಿಕ್ತಂತಾ?"

"ಸಿಕ್ಕಿರುತ್ತೆ ಬಿಡು," ಎಂದು ಗಿರಾಕಿ ಉತ್ತರ ಕೊಡುತ್ತಿದ್ದ. "ಬೆಳಿಗ್ಗೆ ಬೇಗ ಏಳೋ ಅಭ್ಯಾಸ ಇದೆ ನೋಡು."

ಸೋದರಳಿಯ ಯಮಿಕಾನಿ ದರ್ಜಿ. ಕಾವಲುಗಾರರ ಸಮವಸ್ತ್ರ ಹೊಲಿಯಲು ಹೋದಾಗ ಜಿಯೋನೆಯನ್ನು ಕಂಡವನು. ಆತ ಮಾವನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಆ ವಾರ ಹೊಲಿದ ಅಂಗಿಗಳಲ್ಲಿ ತೋಳುಗಳೆಲ್ಲ ಹಿಂದುಮುಂದಾಗಿದ್ದವು. ಕಟ್ಟಿದ ನ್ಸಿಮಾ ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ಎನೆಲೆಸಿಗೆ ಇದ್ದ ಒಬ್ಬನೇ ಮಗ ಅವನು.

ಜೈಲೋಸಿಯವರ ಹೆಂಡತಿ ಮಲೀತಾ ಹಿಂದಿನ ಚಳಿಗಾಲದಲ್ಲಿ ದೇವರ ಪಾದ ಸೇರಿದ್ದಳು. ಆಕೆ ಇದ್ದಾಗ ಇವರು ಏನನ್ನೂ ಮರೆಯುತ್ತಿರಲಿಲ್ಲ ಎಂದು ಊರವರು ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಆಗಲೂ ಮರೆಯುತ್ತಿದ್ದರು, ಆಕೆ ಹಿಂದಿನಿಂದ ಎತ್ತಿಕೊಂಡು ಬರುತ್ತಿದ್ದಳು.

ಶನಿವಾರ ಬಂತು. ಈ ಸಲ ಬಸ್ಸು ಬೇಡ, ಚೀಲವೂ ಬೇಡ ಎಂದು ಜೈಲೋಸಿಯವರು ನಿಶ್ಚಯಿಸಿದ್ದರು. ಊರಿನಲ್ಲೇ ದೊಡ್ಡ ಹುಂಜವನ್ನು ಆರಿಸಿ, ಸೈಕಲ್ಲಿನ ಹ್ಯಾಂಡಲಿಗೆ ಬುಟ್ಟಿ ಕಟ್ಟಿ, ಅದರಲ್ಲಿ ಕೂರಿಸಿದರು. ಯಮಿಕಾನಿ ಹುಂಜದ ಕೊರಳಿಗೆ ಕೆಂಪು ರೇಷ್ಮೆಯ ಪಟ್ಟಿಯೊಂದನ್ನು ಹೊಲಿದು ಕೊಟ್ಟಿದ್ದ. ಅದನ್ನು ಕಟ್ಟಿಕೊಂಡ ಹುಂಜವು ಹೆಣ್ಣು ನೋಡಲು ಹೊರಟಿರುವುದು ತಾನೇ ಎಂಬಂತೆ ಕತ್ತು ನೆಟ್ಟಗೆ ಮಾಡಿಕೊಂಡು ಕುಳಿತಿತು. ಎನೆಲೆಸಿ ಕ್ಯಾರಿಯರಿನ ಮೇಲೆ ಹತ್ತುವಾಗ ಒಂದು ಮಾತು ಹೇಳಿದಳು.

"ಅಣ್ಣಾ, ಕಾಡೊಳಗೆ ಕೋಳಿ ಬಿಡ್ತಾರೋ ಇಲ್ವೋ, ಯಾರನ್ನಾದ್ರೂ ಕೇಳಿದ್ಯಾ?"

"ಯಾರನ್ನ ಕೇಳೋದು? ನಾನು ಆ ಕಾಡಲ್ಲೇ ಬೆಳೆದವನು."

ಇದರಲ್ಲಿ ಸುಳ್ಳಿರಲಿಲ್ಲ. ಹುಡುಗರಾಗಿದ್ದಾಗ ಜೈಲೋಸಿಯವರು ಲಿವಾಂಬೆಯಲ್ಲಿ ಇದ್ದಿಲು ಸುಡುತ್ತಿದ್ದರು. ಆಗ ಅಲ್ಲಿ ಆನೆಯಿರಲಿ, ಒಂದು ಮೊಲವೂ ಉಳಿದಿರಲಿಲ್ಲ. ಬೇಟೆಗಾರರು ಎಲ್ಲವನ್ನೂ ತಿಂದು ಮುಗಿಸಿದ್ದರು. ಆ ಕಾಲದ ಲಿವಾಂಬೆಯಲ್ಲಿ ಪ್ರಾಣಿಯೆಂದರೆ ಜೈಲೋಸಿಯವರೇ. ಆಮೇಲೆ ಬೇಲಿ ಬಂತು, ಕಾವಲು ಬಂತು. ಲಾರಿಗಳಲ್ಲಿ ಆನೆಗಳು ಬಂದವು, ವಿಮಾನದಲ್ಲಿ ನಿದ್ದೆ ಮಾಡುತ್ತ ಸಿಂಹಗಳು ಬಂದವು. ಹೊಸ ಪ್ರಾಣಿ ಬಂದಾಗಲೆಲ್ಲ ಊರ ಮುಖ್ಯಸ್ಥರಾದ ಚಿಂಗೊನೆಯವರು ನಿಲುವಂಗಿ ತೊಟ್ಟು, ಡೋಲು ಹೊಡೆಸಿ, ಪ್ರಾರ್ಥನೆ ಮಾಡಿಸಿ ಬರಮಾಡಿಕೊಳ್ಳುತ್ತಿದ್ದರು. ಆಗೆಲ್ಲ ಜೈಲೋಸಿಯವರು ಜನರ ಬೆನ್ನ ಹಿಂದೆಯೇ ನಿಂತದ್ದು. ಒಂದು ಆನೆಯ ಬಾಲವನ್ನೂ ಕಣ್ಣಾರೆ ಕಂಡವರಲ್ಲ.

ಗೇಟಿನಲ್ಲಿ ಡಾರ್ಲಿಂಗ್ಟನ್ ಮುಂಥಾಲಿ ನಿಂತಿದ್ದ. ಉತ್ತರದ ಕಡೆಯವನು. ಅಂಗಿಯ ಇಸ್ತ್ರಿಗೆರೆ ಕೈ ಕೊಯ್ಯುವಷ್ಟು ಚೂಪು. ನಿಯಮಗಳು ಅದಕ್ಕಿಂತ ಚೂಪು. ಅಡ್ಡಗಂಬದ ಹಿಂದಿನಿಂದಲೇ ಕೇಳಿದ:

"ಬಾಂಬೊ, ಬುಟ್ಟೀಲಿ ಏನದು?"

"ಹುಂಜ."

"ಅದು ಕಾಣ್ತಾ ಇದೆ. ಎಲ್ಲಿಗೆ ಅಂತ ಕೇಳಿದ್ದು."

"ನಿಮ್ಮ ಲಾಸ್ಟನ್ ಅವರ ಕ್ಯಾಂಪಿಗೆ. ಹೆಣ್ಣು ಕೇಳೋಕೆ."

"ನೀವು ಹೋಗಬಹುದು. ಈ ಅಮಾಯಿ ಹೋಗಬಹುದು. ಹುಂಜ ಹೋಗಂಗಿಲ್ಲ. ಸಾಕಿದ ಪ್ರಾಣಿ ಯಾವುದೂ ಒಳಗೆ ಹೋಗಂಗಿಲ್ಲ. ಕೋಳಿ ರೋಗ ಗಿನಿಕೋಳಿಗೆ ಹತ್ತುತ್ತೆ."

"ನನ್ನ ಹುಂಜಕ್ಕೆ ರೋಗವಾ? ಚರ್ಚಿನ ಅಂಗಳದಲ್ಲಿ ಮೇಯ್ದು ಬೆಳೆದದ್ದು ಇದು!"

"ಪಾದ್ರಿಗಳಿಗೂ ಜ್ವರ ಬರುತ್ತೆ ಬಾಂಬೊ."

ಎನೆಲೆಸಿ ಕ್ಯಾರಿಯರಿನಿಂದ ಕೆಳಗಿಳಿದಳು. ಆಕೆ ಕೆಳಗಿಳಿದರೆ ಮಾತಿಗೆ ಜಾಗ ಬೇಕು ಎಂದರ್ಥ.

"ಏನಪ್ಪಾ, ಸಿಂಹಗಳನ್ನ ವಿಮಾನ ಹತ್ತಿಸಿ ತಂದು ಒಳಗೆ ಬಿಟ್ರಿ. ಒಂದು ಹುಂಜ ಪಾಪ ಸೈಕಲ್ ಹತ್ತಿ ಬಂದ್ರೆ ಆಗಲ್ವಾ? ಸಿಂಹ ಮನುಷ್ಯರನ್ನ ತಿನ್ನುತ್ತೆ. ನನ್ನ ಹುಂಜ ಜೋಳ ತಿನ್ನುತ್ತೆ. ಇಬ್ಬರಲ್ಲಿ ಯಾರು ಮರ್ಯಾದಸ್ತರು, ನೀನೇ ಹೇಳು."

"ಅಮಾಯಿ, ಸಿಂಹಗಳೂ ಸುಮ್ಮನೆ ನಡ್ಕೊಂಡು ಬರಲಿಲ್ಲ. ಪೆಟ್ಟಿಗೇಲಿ ಬಂದ್ವು. ಬಟ್ಟೆ ಹೊದಿಸಿದ್ವಿ. ಡಾಕ್ಟರು ನೋಡಿದ್ರು. ಆಮೇಲೇ ಒಳಗೆ."

"ಹಾಗಾದ್ರೆ ನಮ್ಮ ಹುಂಜಕ್ಕೂ ಹಾಗೇ ಮಾಡಯ್ಯಾ!" ಎಂದು ಜೈಲೋಸಿಯವರು ಹಂಗಿಸಿದರು.

ಮುಂಥಾಲಿಗೆ ಹಂಗಿಸುವುದು ತಿಳಿಯದು. ಆತ ಹುಬ್ಬು ಗಂಟು ಹಾಕಿ ಯೋಚಿಸಿದ. ಹೊಸ ಪ್ರಾಣಿ ಬಂದರೆ ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಟ್ಟೆ ಹೊದಿಸಿ, ಡಾಕ್ಟರಿಗೆ ತಿಳಿಸತಕ್ಕದ್ದು ಎಂಬುದು ನಿಯಮ. ಪ್ರಾಣಿ ಎಷ್ಟು ದೊಡ್ಡದಿರಬೇಕು ಎಂದು ಯಾರೂ ಹೇಳಿರಲಿಲ್ಲ.

"ಮಾಡಬಹುದು," ಎಂದ.

ಗೇಟಿನ ಪಕ್ಕದಲ್ಲಿ ಇದ್ದ ಪೆಟ್ಟಿಗೆ ಒಂದೇ: ಸಿಂಹ ಬಂದ ಪೆಟ್ಟಿಗೆ. ದಪ್ಪ ಹಲಗೆಯದು, ಕಬ್ಬಿಣದ ಪಟ್ಟಿಯದು, ಒಳಗೆ ಇನ್ನೂ ಸಿಂಹದ ವಾಸನೆ. ಹುಂಜವನ್ನು ಅದರೊಳಗೆ ಬಿಟ್ಟು, ಬಾಗಿಲಿಗೆ ಅಗುಳಿ ಜಡಿದು, ಮೇಲೆ ಹಸಿರು ಟಾರ್ಪಾಲು ಹೊದಿಸಿದರು. ಕತ್ತಲಾಯಿತೆಂದು ಹುಂಜ ನಿದ್ದೆ ಹೋಯಿತು. ಮುಂಥಾಲಿ ವಾಕಿಟಾಕಿ ಎತ್ತಿಕೊಂಡ.

ಇಲ್ಲೊಂದು ವಿಷಯ ಹೇಳಬೇಕು. ಲಿವಾಂಬೆಯ ವಾಕಿಟಾಕಿಯಲ್ಲಿ ಪ್ರಾಣಿಯ ಹೆಸರು ಹೇಳುವಂತಿಲ್ಲ. ಕಳ್ಳ ಬೇಟೆಗಾರರು ಕದ್ದು ಕೇಳುತ್ತಾರೆಂಬ ಭಯ. ಘೇಂಡಾಮೃಗವಾಗಲಿ ಇರುವೆಯಾಗಲಿ, ಅಲ್ಲಿ ಅದು 'ಪ್ರಾಣಿ' ಅಷ್ಟೇ.

"ಗೇಟಿನಿಂದ ಕೇಂದ್ರಕ್ಕೆ. ಹೊಸ ಪ್ರಾಣಿ ಬಂದಿದೆ. ಒಂದು. ಗಂಡು. ಪೆಟ್ಟಿಗೆಯಲ್ಲಿದೆ. ಡಾಕ್ಟರು ಬೇಗ ಬರಬೇಕು. ಲಾಸ್ಟನ್ ಸಾಹೇಬರಿಗೂ ತಿಳಿಸಿ, ಅವರಿಗೆ ಸಂಬಂಧಪಟ್ಟದ್ದು. ಮುಗಿಯಿತು."

ಆ ಕಡೆಯಿಂದ ಒಂದು ಹುಡುಗಿಯ ದನಿ ಬಂತು. "ಕೇಂದ್ರದಿಂದ ಗೇಟಿಗೆ. ಯಾವ ಪ್ರಾಣಿ ಅಂತ ಕೇಳಬಾರದು, ಕೇಳ್ತಿಲ್ಲ. ಶಾಂತವಾಗಿದೆಯಾ? ಮುಗಿಯಿತು."

"ಮೊದಲು ಕೋಪದಲ್ಲಿತ್ತು. ಈಗ ಮಲಗಿದೆ. ಮುಗಿಯಿತು."

ಎನೆಲೆಸಿ ಅಣ್ಣನ ತೋಳು ಹಿಡಿದಳು. "ಅದು ಜಿಯೋನೆ! ನಮ್ಮ ಹುಡುಗಿ! ಕೊಡಪ್ಪ ಇಲ್ಲಿ, ಒಂದು ಮಾತು ಹೇಳ್ತೀನಿ."

"ಖಾಸಗಿ ಮಾತಿಗೆ ಇದಲ್ಲ ಅಮಾಯಿ," ಎಂದು ಮುಂಥಾಲಿ ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿದ.

ಹೀಗೆ ಕೇಂದ್ರದಲ್ಲಿ ವಾಕಿಟಾಕಿ ನೋಡಿಕೊಳ್ಳುತ್ತಿದ್ದ ಜಿಯೋನೆ ತನ್ನ ಮದುವೆಯ ಹುಂಜ ಬಂದ ಸುದ್ದಿಯನ್ನು ತಾನೇ ಕಾಡಿಗೆಲ್ಲ ಹಂಚಿದಳು. ಏನು ಹಂಚುತ್ತಿದ್ದೇನೆಂಬುದು ಮಾತ್ರ ಆಕೆಗೆ ತಿಳಿದಿರಲಿಲ್ಲ.

ವಾಕಿಟಾಕಿ ಇದ್ದದ್ದು ಕಾವಲುಗಾರರ ಬಳಿ. ಕಾವಲುಗಾರರಿಗೆ ಹೆಂಡಿರಿದ್ದರು. ಹೆಂಡಿರು ನೀರಿಗೆ ಬೋರ್‌ವೆಲ್ಲಿಗೆ ಹೋಗುತ್ತಿದ್ದರು. ಮೊದಲ ಗುಡ್ಡದ ಕಾವಲುಗಾರ ಅದು ಕಪ್ಪು ಘೇಂಡಾಮೃಗವೇ ಎಂದ. ಗಂಡು ಘೇಂಡಾಮೃಗ ಬರಬೇಕೆಂದು ಕಾಯುತ್ತಿದ್ದರಲ್ಲ. ಎರಡನೆಯ ಗುಡ್ಡದವನು ಘೇಂಡಾಮೃಗ ಮಲಗಿದರೂ ಗೊರಕೆ ಹೊಡೆಯುತ್ತದೆ, ಗೊರಕೆಯ ಸುದ್ದಿಯೇ ಇಲ್ಲ, ಆದ್ದರಿಂದ ಚೀತಾ ಎಂದ. ಸಂತೆ ತಲುಪುವ ಹೊತ್ತಿಗೆ ಅದು ಜಿರಾಫೆಯಾಗಿತ್ತು. ಪೆಟ್ಟಿಗೆಯೊಳಗೆ ಕತ್ತು ಹೇಗೆ ಹಿಡಿಸಿತು ಎಂದು ಒಬ್ಬ ಕೇಳಿದ್ದಕ್ಕೆ, ಮಡಚಿದ್ದಾರೆ ಎಂದು ಇನ್ನೊಬ್ಬ ಹೇಳಿದ. ಮಂದಾಸಿ ಎಂಬ ಹಿಟ್ಟಿನ ಉಂಡೆ ಕರಿಯುವ ಹೆಂಗಸು ಬಿಸಿ ಬಾಣಲೆಯನ್ನು ಇಳಿಸಿ, ಕರಿದ ಮಂದಾಸಿಯನ್ನು ಬೋಗುಣಿಗೆ ತುಂಬಿಕೊಂಡು ಗೇಟಿನ ದಾರಿ ಹಿಡಿದಳು. ಜನ ಸೇರುವ ಕಡೆ ಹಸಿವೂ ಸೇರುತ್ತದೆಂದು ಆಕೆಗೆ ಗೊತ್ತು.

ಬಿಸಿಲೇರುವಷ್ಟರಲ್ಲಿ ಗೇಟಿನ ಮುಂದೆ ಊರಿಗೆ ಊರೇ ನಿಂತಿತ್ತು. ಸೌಲೋಸಿ ಅರ್ಧ ಕ್ಷೌರವಾದ ಗಿರಾಕಿಯನ್ನೂ ಕರೆತಂದಿದ್ದ. ಆಮೇಲೆ ಡೋಲಿನ ಸದ್ದು ಕೇಳಿತು. ಜನ ದಾರಿ ಬಿಟ್ಟು, ನೆಲಕ್ಕೆ ಕುಳಿತು, ಮೆಲ್ಲಗೆ ಚಪ್ಪಾಳೆ ತಟ್ಟಿದರು. ಮುಖ್ಯಸ್ಥ ಚಿಂಗೊನೆಯವರು ಕೆಂಪು ನಿಲುವಂಗಿಯಲ್ಲಿ ಬೆವರುತ್ತ ಬಂದರು.

"ಪ್ರಾಣಿ ತಂದೋರು ಯಾರು?"

ಮುಂಥಾಲಿ ಜೈಲೋಸಿಯವರ ಕಡೆ ಕೈ ತೋರಿಸಿದ. ಗುಂಪಿನಲ್ಲಿ ಒಂದು ಉದ್ಗಾರ ಹೊರಟಿತು. ಮುಖ್ಯಸ್ಥರು ಹತ್ತಿರ ಬಂದು ಎರಡೂ ಕೈಯಿಂದ ಜೈಲೋಸಿಯವರ ಕೈ ಹಿಡಿದರು. ಇವರ ಜನ್ಮದಲ್ಲಿ ಅಂಥದ್ದು ಆಗಿರಲಿಲ್ಲ.

"ನೀನಾ ಮ್ತೆಂಜೆ? ನಮಗೊಂದು ಮಾತು ತಿಳಿಸಲಿಲ್ವಲ್ಲ! ಯಾವುದರಲ್ಲಿ ತಂದೆ? ವಿಮಾನದಲ್ಲಾ?"

"ಇಲ್ಲ ಅಂಫುಮು. ಸೈಕಲ್ಲಲ್ಲಿ."

ಮುಖ್ಯಸ್ಥರು ಗುಂಪಿನ ಕಡೆ ತಿರುಗಿ, "ಕೇಳಿದ್ರಾ? ದೊಡ್ಡ ಕೆಲಸ ಮಾಡಿದವರ ವಿನಯ ಹೀಗಿರುತ್ತೆ," ಎಂದರು. ಸೌಲೋಸಿ ಟೋಪಿ ತೆಗೆದ.

ಎನೆಲೆಸಿ ಅಣ್ಣನ ಪಕ್ಕೆಗೆ ಮೊಳಕೈಯಿಂದ ತಿವಿದಳು. "ಹೇಳಿಬಿಡು. ಈಗಲೇ ಹೇಳಿಬಿಡು."

ಜೈಲೋಸಿಯವರು ಸತ್ಯವಂತರು. ಕೊಂಚ ಹೊತ್ತು ಆ ಮರ್ಯಾದೆಯನ್ನು ಅನುಭವಿಸಿದ ಮೇಲೆ, ಕೈ ಜೋಡಿಸಿ ಹೇಳಿಯೇಬಿಟ್ಟರು: "ಅಂಫುಮು, ಅದು ಹುಂಜ."

"ಹೆಸರು ಹೇಳಬಾರದು!" ಎಂದು ಮುಂಥಾಲಿ ನಡುವೆ ಹಾರಿದ. "ಡಾಕ್ಟರು ನೋಡೋ ತನಕ ಯಾರೂ ಹೆಸರು ಎತ್ತಕೂಡದು!"

ಮುಖ್ಯಸ್ಥರ ಕಣ್ಣು ಮಿಂಚಿತು. ಅವರು ನಿಧಾನವಾಗಿ ತಲೆಯಾಡಿಸಿ, ಪಕ್ಕದವನ ಕಿವಿಯಲ್ಲಿ ಹೇಳಿದರು: "ಗುಟ್ಟಿನ ಹೆಸರು. 'ಹುಂಜ' ಅಂತ ಇಟ್ಟಿದಾರೆ." ಪಕ್ಕದವನು ಇನ್ನೊಬ್ಬನಿಗೆ ಹೇಳಿದ. ಗುಂಪಿನ ಕೊನೆಗೆ ಹೋಗುವಷ್ಟರಲ್ಲಿ ಅದಕ್ಕೆ ಸಾಕ್ಷಿಯೂ ಹುಟ್ಟಿತ್ತು.

"ಘೇಂಡಾಮೃಗನೇ ಕಣ್ರೋ. ತಲೆ ಮೇಲೆ ಕೊಂಬು ಎದ್ದು ನಿಂತಿರುತ್ತಲ್ಲ, ಹುಂಜದ ಜುಟ್ಟಿನ ಥರ. ಅದಕ್ಕೇ ಆ ಹೆಸರು."

"ಹುಂಜ ಕಣ್ರಪ್ಪಾ!" ಎಂದು ಎನೆಲೆಸಿ ಗಂಟಲು ಹರಿಯುವಂತೆ ಕೂಗಿದಳು. "ರೆಕ್ಕೆ ಇರೋ ಹುಂಜ! ಕೂಗೋ ಹುಂಜ!"

"ಅಮಾಯಿಗೆ ಚೆನ್ನಾಗಿ ಹೇಳಿಕೊಟ್ಟಿದಾರೆ," ಎಂದು ಸೌಲೋಸಿ ಮೆಚ್ಚಿದ.

ಅಷ್ಟರಲ್ಲಿ ಒಳಗಿನಿಂದ ಧೂಳೆದ್ದಿತು. ಮೊದಲ ಗಾಡಿಯಲ್ಲಿ ಡಾಕ್ಟರ್ ಮೆಲೀನಾ ಚಿಸಾಲೆ. ಆಕೆಯ ಮಡಿಲಲ್ಲಿ ಆನೆಯನ್ನೂ ಮಲಗಿಸುವ ಅರಿವಳಿಕೆ ಬಂದೂಕು. ಹಿಂದಿನ ಗಾಡಿಯಲ್ಲಿ ಲಾಸ್ಟನ್, ಜೊತೆಗೆ ಕೋವಿ ಹಿಡಿದ ಕಾವಲುಗಾರರು, ಹಗ್ಗ, ಬಲೆ, ನೀರಿನ ಪೀಪಾಯಿ. ಡಾಕ್ಟರು ಕೆಳಗೆ ಹಾರಿ, "ಎಲ್ಲರೂ ಹಿಂದಕ್ಕೆ! ಸದ್ದು ಮಾಡಬೇಡಿ! ಎಷ್ಟು ಹೊತ್ತಾಯ್ತು ಮಲಗಿ? ಉಸಿರಾಟ ಸರಿಯಾಗಿದೆಯಾ?" ಎಂದು ಕೇಳುತ್ತ ಪೆಟ್ಟಿಗೆಯ ಕಡೆ ನಡೆದರು.

"ನಿಲ್ಲಿ ಡಾಕ್ಟರಮ್ಮ," ಎಂದರು ಮುಖ್ಯಸ್ಥರು. "ಪ್ರಾರ್ಥನೆ ಇಲ್ಲದೆ ಈ ನೆಲದಲ್ಲಿ ಯಾವ ಪೆಟ್ಟಿಗೆಯೂ ತೆಗೆದಿಲ್ಲ. ಮ್ತೆಂಜೆ, ನೀನೇ ಚರ್ಚಿನ ಹಿರಿಯ. ತಂದವನೂ ನೀನೇ. ಹೇಳು."

ಗಂಡಸರೆಲ್ಲ ಟೋಪಿ ತೆಗೆದರು. ಕಾವಲುಗಾರರು ಕೋವಿ ಇಳಿಸಿದರು. ಜೈಲೋಸಿಯವರು ಸಿಂಹದ ಪೆಟ್ಟಿಗೆಯ ಮುಂದೆ ನಿಂತು ಕಣ್ಣು ಮುಚ್ಚಿದರು. ಸುಳ್ಳು ಪ್ರಾರ್ಥನೆ ಹೇಳಿದರೆ ಪಾಪ. ಆದ್ದರಿಂದ ಒಳಗಿದ್ದವನಿಗಾಗಿಯೇ ಪ್ರಾರ್ಥಿಸಿದರು.

"ತಂದೆಯೇ, ಇವನು ತನ್ನ ಮನೆ ಬಿಟ್ಟು ಬಂದಿದಾನೆ. ತಾನು ಯಾಕೆ ಬಂದೆ ಅಂತ ಇವನಿಗೆ ಗೊತ್ತಿಲ್ಲ. ಕತ್ತಲೆಯಲ್ಲಿ ಕೂತಿದಾನೆ. ಇವನನ್ನ ಕೈಬಿಡಬೇಡ. ಇವನಿಂದ ಎರಡು ಮನೆ ಒಂದಾಗಲಿ. ಒಂಟಿಯಾಗಿ ಬಂದವನು ಒಂಟಿಯಾಗಿ ಉಳಿಯದೆ ಇರಲಿ. ಒಬ್ಬರು ಮರೆತದ್ದನ್ನ ಇನ್ನೊಬ್ಬರು ಎತ್ತಿಕೊಂಡು ಬರೋ ಹಾಗೆ, ಜೊತೆ ಅನ್ನೋದನ್ನ ಕೊಡು. ಕೊಟ್ಟರೆ, ಬಹಳ ದಿನ ಇರೋ ಹಾಗೆ ಕೊಡು."

ಎನೆಲೆಸಿ ತಲೆ ತಗ್ಗಿಸಿದ್ದವಳು ಮೇಲೆತ್ತಲಿಲ್ಲ. ಮಂದಾಸಿಯ ಹೆಂಗಸು ಮೂಗು ಸೀಟಿದಳು. ಒಂದು ಘೇಂಡಾಮೃಗಕ್ಕಾಗಿ ಇಷ್ಟು ಮರುಗಿದವರನ್ನು ತಾನು ಕಂಡಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದಳು.

"ಆಮೆನ್," ಎಂದಿತು ಊರು.

ಅಷ್ಟು ಜನ ಒಟ್ಟಿಗೆ ಆಮೆನ್ ಎಂದ ಸದ್ದಿಗೆ ಒಳಗಿದ್ದವನಿಗೆ ಎಚ್ಚರವಾಯಿತು. ಟಾರ್ಪಾಲಿನ ತೂತಿನಿಂದ ಬಿಸಿಲಿನ ಗೆರೆಯೊಂದು ಕಂಡಿತು. ಬೆಳಗಾಯಿತು ಎಂದುಕೊಂಡ. ಕತ್ತು ಚಾಚಿ, ಎದೆ ತುಂಬ ಉಸಿರೆಳೆದುಕೊಂಡು, ಹಲಗೆಯ ಪೆಟ್ಟಿಗೆ ಗುಂಯ್ಗುಡುವಂತೆ ಕೂಗಿದ.

ಡಾಕ್ಟರು ಬಂದೂಕು ಕೆಳಗಿಟ್ಟು, ಟಾರ್ಪಾಲು ಎತ್ತಿ, ಅಗುಳಿ ತೆಗೆದರು. ಸಿಂಹದ ಬಾಗಿಲಿನಿಂದ ಕೆಂಪು ರೇಷ್ಮೆ ಕ‌ಟ್ಟಿಕೊಂಡ ಹುಂಜ ಹೊರಗೆ ಬಂದು, ಸೇರಿದ ಜನರನ್ನು ಒಂದು ಸಲ ನೋಡಿ, ಮುಖ್ಯಸ್ಥರ ಬೂಟಿನ ಮುಂದೆ ಬಿದ್ದಿದ್ದ ಮಂದಾಸಿಯ ಚೂರನ್ನು ಹೆಕ್ಕಿ ತಿಂದಿತು.

"ಹುಂಜ," ಎಂದರು ಮುಖ್ಯಸ್ಥರು.

"ನಾನು ಆಗಲೇ ಹೇಳಿದ್ನಲ್ಲ ಅಂಫುಮು," ಎಂದರು ಜೈಲೋಸಿಯವರು.

ಎದ್ದ ನಗೆಗೆ ಮರದ ಮೇಲಿನ ಕೋತಿಗಳು ಬೇರೆ ಮರಕ್ಕೆ ಹೋದವು. ನಗದೆ ನಿಂತವನು ಲಾಸ್ಟನ್ ಒಬ್ಬನೇ. ಆತನ ಕಾವಲುಗಾರರು ತುಟಿ ಕಚ್ಚಿಕೊಂಡು ಆಕಾಶ ನೋಡುತ್ತಿದ್ದರು.

"ಅಲಾಮು," ಎಂದ ಲಾಸ್ಟನ್. ಆ ಮಾತಿನಲ್ಲಿ ಬೀಗತನ ಬಹಳ ಕಡಿಮೆಯಿತ್ತು. "ಹೋದ ಸಲ ಹುಂಜ ಇಲ್ಲದೆ ಬಂದ್ರಿ. ಈ ಸಲ ಹುಂಜದ ಜೊತೆ ಊರನ್ನೇ ಕಟ್ಕೊಂಡು ಬಂದ್ರಿ. ನನ್ನ ಜನದ ಮುಂದೆ ನನ್ನ ಮರ್ಯಾದೆ ಮಣ್ಣಾಯ್ತು. ಹುಂಜ ನನ್ನ ಅಂಗಳಕ್ಕೆ ಬರಬೇಕು ಅಂದಿದ್ದೆ. ಬಂದಿಲ್ಲ, ಬರೋದೂ ಇಲ್ಲ. ಮಾತು ಮುಗೀತು."

ನಗೆ ನಿಂತಿತು. ಜೈಲೋಸಿಯವರು ಹುಂಜವನ್ನು ಎತ್ತಿ ಎದೆಗವಚಿಕೊಂಡರು.

"ತಪ್ಪು ನನ್ನದು ಅಲಾಮು. ಹುಡುಗನದಲ್ಲ. ಹುಡುಗ ಊಟ ಬಿಟ್ಟಿದಾನೆ. ನನಗೆ ಬೇಕಾದ ಶಿಕ್ಷೆ ಕೊಡಿ."

"ಶಿಕ್ಷೆ ಯಾಕೆ? ಸ್ವಲ್ಪ ಬುದ್ಧಿ ಇದ್ದಿದ್ರೆ ಸಾಕಿತ್ತು! ಸೈಕಲ್ ಮುಂದೆ ಮೆರವಣಿಗೆ ಮಾಡ್ಕೊಂಡು ಬರೋ ವಸ್ತುನಾ ಇದು? ಚೀಲಕ್ಕೆ ಹಾಕಿ, ಮೇಲೆ ಗೆಣಸು ತುಂಬಿ, ಸುಮ್ಮನೆ ತರಬೇಕು ಅಂತ ಗೊತ್ತಾಗಲ್ವಾ? ನಾನು ಹೇಗೆ..."

ಲಾಸ್ಟನ್ ಅಲ್ಲಿಗೆ ನಿಲ್ಲಿಸಿದ. ಆದರೆ ಕೊಂಚ ತಡವಾಗಿತ್ತು.

"ನೀವು ಹೇಗೆ ಏನು ಮಾಡಿದ್ರಿ ಅಲಾಮು?" ಎಂದು ಎನೆಲೆಸಿ ಮೆತ್ತಗೆ ಕೇಳಿದಳು. ಆಕೆ ಮೆತ್ತಗೆ ಕೇಳಿದರೆ ಗಂಡಸರು ಹುಷಾರಾಗಬೇಕು. "ಅಲ್ಲ, ಸುಮ್ಮನೆ ಕೇಳ್ದೆ. ನಾವು ಹುಂಜ ಕೊಟ್ಟ ಮೇಲೆ ನೀವು ನಮಗೆ ಹೇಂಟೆ ಕೊಡಬೇಕಲ್ವಾ. ಒಳಗೆ ಕೋಳಿ ಬಿಡಲ್ಲ ಅಂತಾನೆ ಈ ಹುಡುಗ. ಹಾಗಾದ್ರೆ ನಿಮ್ಮ ಹೇಂಟೆ ಎಲ್ಲಿದೆ?"

ಮುಂಥಾಲಿ ಮೆಲ್ಲಗೆ ಲಾಸ್ಟನ್ ಕಡೆ ತಿರುಗಿದ. ಡಾಕ್ಟರೂ ತಿರುಗಿದರು. ಲಾಸ್ಟನ್ ಬೂಟಿನ ತುದಿಯಿಂದ ಮಣ್ಣಿನಲ್ಲೊಂದು ಗೆರೆ ಎಳೆದ.

"ಲಾಸ್ಟನ್," ಎಂದರು ಡಾಕ್ಟರು, "ಹೋದ ತಿಂಗಳು ನಿಮ್ಮ ಕ್ಯಾಂಪಲ್ಲಿ ನನಗೆ ಮೊಟ್ಟೆ ಹುರಿದು ಕೊಟ್ರಲ್ಲ. ಅದು ಎಲ್ಲಿಂದ ಬಂತು?"

"ಅಂಗಡಿಯಿಂದ ಡಾಕ್ಟ್ರೇ."

"ಬೆಚ್ಚಗಿತ್ತಲ್ಲ, ಒಡೆಯೋಕೆ ಮುಂಚೇನೇ?"

ಈ ಸಲ ಕಾವಲುಗಾರರಿಗೂ ತಡೆಯಲಾಗಲಿಲ್ಲ. ಒಬ್ಬನಂತೂ ಕೋವಿ ಊರಿಕೊಂಡು ಕುಳಿತೇಬಿಟ್ಟ. ಹೇಂಟೆ ಮಂಚದ ಕೆಳಗಿದೆ, ಮದುವೆಗೆಂದು ಮಾತ್ರ ತಂದದ್ದು, ಬೇರೆ ದುರುದ್ದೇಶವಿಲ್ಲ ಎಂದು ಲಾಸ್ಟನ್ ಒಪ್ಪಿಕೊಂಡ. ಇಡೀ ಕಾಡಿನ ಸಿಂಹಗಳಿಗೆ ಹೆದರದವನು ಆಗ ಶಾಲೆಗೆ ತಡವಾಗಿ ಬಂದ ಹುಡುಗನಂತೆ ಕಂಡ.

ಮುಖ್ಯಸ್ಥ ಚಿಂಗೊನೆಯವರು ಇದನ್ನೆಲ್ಲ ನೋಡುತ್ತಿದ್ದರು. ಅವರಿಗೂ ಒಂದು ಸಂಕಟವಿತ್ತು. ನಿಲುವಂಗಿ ತೊಟ್ಟು ಬಿಸಿಲಲ್ಲಿ ಬಂದದ್ದು ಹುಂಜಕ್ಕೆ ಎಂದಾದರೆ ಪಕ್ಕದ ಊರಿನ ಮುಖ್ಯಸ್ಥರು ಸಾಯುವ ತನಕ ಆಡಿಕೊಳ್ಳುತ್ತಾರೆ. ಮದುವೆಗೆ ಎಂದಾದರೆ ಅದು ದೊಡ್ಡತನ. ಅವರು ಕೋಲು ನೆಲಕ್ಕೆ ಕುಟ್ಟಿದರು.

"ಡೋಲು ಬಾರಿಸಿ ಬರಮಾಡಿಕೊಂಡ ಪ್ರಾಣಿಯನ್ನ ನಾನು ಯಾವತ್ತೂ ಹಿಂದಕ್ಕೆ ಕಳಿಸಿಲ್ಲ. ಪ್ರಾರ್ಥನೆ ಆಗಿದೆ. ಊರೆಲ್ಲ ಆಮೆನ್ ಅಂದಿದೆ. ಇನ್ನು ಇದು ಮುರಿಯೋ ಮಾತಲ್ಲ. ಲಾಸ್ಟನ್, ಈ ಗೇಟು ಯಾರದು?"

"ಕಾಡಿನದು ಅಂಫುಮು."

"ಕಾಡಿಗೆ ಯಜಮಾನ ಯಾರು?"

"ಕಾವಲಿಗೆ ನಾನು."

"ಹಾಗಾದ್ರೆ ಇದೇ ನಿನ್ನ ಅಂಗಳದ ಬಾಗಿಲು. ಹುಂಜ ಬಾಗಿಲಿಗೆ ಬಂದಿದೆ. ಹೇಂಟೆ ತರಿಸು."

"ತರಿಸಲೇಬೇಕು," ಎಂದರು ಡಾಕ್ಟರು, "ಈಗಿಂದೀಗಲೇ. ಹೊರಕ್ಕೆ."

ಗಾಡಿ ಹೋಗಿ ಹೇಂಟೆಯೊಡನೆ ಬಂತು. ಮುಂಥಾಲಿ ಅಡ್ಡಗಂಬ ಎತ್ತಲಿಲ್ಲ. ಎತ್ತಲು ನಿಯಮದಲ್ಲಿ ಕಾರಣ ಬೇಕಲ್ಲ. ಒಳಗಿನಿಂದ ಲಾಸ್ಟನ್ ಹೇಂಟೆ ಚಾಚಿದ, ಹೊರಗಿನಿಂದ ಜೈಲೋಸಿಯವರು ಹುಂಜ ಚಾಚಿದರು. ಆದರೆ ಕೈ ಬದಲಾಗುವ ಮುನ್ನ ಹುಡುಗಿಯನ್ನು ಕೇಳುವುದು ಪದ್ಧತಿ. ಹುಡುಗಿ ದೂರದ ಕೇಂದ್ರದಲ್ಲಿ, ಕಿವಿಗೆ ಯಂತ್ರ ಹಾಕಿಕೊಂಡು ಕುಳಿತಿದ್ದಳು. ಎಲ್ಲರೂ ಮುಂಥಾಲಿಯ ಸೊಂಟದ ಕಡೆ ನೋಡಿದರು.

"ಖಾಸಗಿ ಮಾತಿಗೆ ಇದಲ್ಲ," ಎಂದು ಮುಂಥಾಲಿ ಬಾಯಿ ತೆರೆದ. ಎನೆಲೆಸಿ ಒಂದು ಹೆಜ್ಜೆ ಮುಂದಿಟ್ಟಳು. ಆತ ವಾಕಿಟಾಕಿಯನ್ನು ಲಾಸ್ಟನ್ ಕೈಗೆ ಕೊಟ್ಟ.

"ಗೇಟಿನಿಂದ ಕೇಂದ್ರಕ್ಕೆ," ಎಂದ ಲಾಸ್ಟನ್, ಗಂಟಲು ಸರಿಮಾಡಿಕೊಂಡು. "ಮಗಳೇ, ಮ್ತೆಂಜೆಯವರ ಮನೆಯಿಂದ ಹುಂಜ ಬಂದಿದೆ. ಬಂದ ಹೊಸ ಪ್ರಾಣಿ ಅದೇ. ತಗೊಳ್ಳಲಾ? ಮುಗಿಯಿತು."

ಬಹಳ ಹೊತ್ತು ಗೊರಗೊರ ಸದ್ದು ಮಾತ್ರ ಬಂತು. ಅತ್ತಳೋ ನಕ್ಕಳೋ ಯಾರಿಗೂ ತಿಳಿಯದು. ಜೈಲೋಸಿಯವರು ಹುಂಜವನ್ನು ಚಾಚಿಕೊಂಡೇ ನಿಂತಿದ್ದರು. ಹುಂಜವೂ ಸುಮ್ಮನಿತ್ತು.

"ಕೇಂದ್ರದಿಂದ ಗೇಟಿಗೆ. ತಗೊಳ್ಳಿ ಮಾವ. ಮುಗಿಯಿತು."

ಆಮೇಲೆ ವಾಕಿಟಾಕಿಯ ನಿಯಮಗಳೆಲ್ಲ ಮುರಿದುಬಿದ್ದವು. ಮೊದಲ ಗುಡ್ಡದವನು ಕೇಕೆ ಹಾಕಿದ. ಎರಡನೆಯ ಗುಡ್ಡದವನು ಹಾಡತೊಡಗಿದ. ನದಿ ಕಾಯುವವನು, ಮದುವೆಗೆ ತನ್ನನ್ನೂ ಕರೆಯಬೇಕು, ತಾನು ಮೊದಲೇ ಇದು ಹುಂಜವೆಂದು ಊಹಿಸಿದ್ದೆ ಎಂದ. ಡೋಲಿನವರು ತಾವಾಗಿಯೇ ಶುರುಮಾಡಿದರು.

ಕೋಳಿಗಳು ಕೈ ದಾಟಿದ ಮೇಲೆ ಬೀಗರ ಊಟ. ಜೈಲೋಸಿಯವರನ್ನೂ ಎನೆಲೆಸಿಯನ್ನೂ ಲಾಸ್ಟನ್ ಗಾಡಿಯಲ್ಲಿ ಕೂರಿಸಿಕೊಂಡು ಕಾಡಿನೊಳಕ್ಕೆ ಹೊರಟ. ಹೇಂಟೆ ಸೈಕಲ್ಲಿನ ಬುಟ್ಟಿಯಲ್ಲಿ ಸೌಲೋಸಿಯ ವಶದಲ್ಲಿ ಉಳಿಯಿತು. ಎರಡನೆಯ ತಿರುವಿನಲ್ಲಿ ಆನೆಗಳ ಹಿಂಡೊಂದು ದಾರಿಗೆ ಅಡ್ಡ ನಿಂತಿತ್ತು. ಮುಂದೆ ಒಂದು ಮುದಿ ಹೆಣ್ಣಾನೆ, ಕಿವಿ ಬಡಿಯುತ್ತ.

"ಅಲಾಮು, ನೀವು ಇಲ್ಲೇ ಬೆಳೆದವರಂತಲ್ಲ," ಎಂದು ಲಾಸ್ಟನ್ ಪಿಸುಗುಟ್ಟಿದ. "ಅದಕ್ಕೆ ಕೋಪ ಬಂದಿದೆಯೋ, ಸುಮ್ಮನೆ ಗಾಳಿ ಹಾಕ್ಕೊಳ್ತಿದೆಯೋ?"

ಜೈಲೋಸಿಯವರು ಗಾಡಿಯ ತಳದಲ್ಲಿ ಹಗ್ಗದ ಸುರುಳಿಯ ಪಕ್ಕ ಮಲಗಿ ಕೀರ್ತನೆಯೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು. ಎನೆಲೆಸಿ ಮಾತ್ರ ನೆಟ್ಟಗೆ ಕುಳಿತು ಆನೆಯನ್ನು ತೃಪ್ತಿಯಾಗುವಷ್ಟು ನೋಡಿದಳು. ಆನೆಗಳು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಮರಿಗಳನ್ನು ನಡುವೆ ಮಾಡಿಕೊಂಡು ಕಾಡಿನೊಳಕ್ಕೆ ಹೋದವು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹುಂಜ ಈಗ ಲಾಸ್ಟನ್‌ದು; ಲಾಸ್ಟನ್ ಮನೆ ಒಳಗೆ; ಹುಂಜ ಒಳಗೆ ಹೋಗುವಂತಿಲ್ಲ. ಕೊಟ್ಟ ಹುಂಜವನ್ನು ಜೈಲೋಸಿಯವರು ಹಿಂದಕ್ಕೆ ಒಯ್ದರೆ ಮದುವೆ ಮುರಿದಂತೆ. ಮದುವೆಯ ದಿನ ಅದನ್ನು ಅಡಿಗೆ ಮಾಡುವ ತನಕ ಎಲ್ಲಿಡುವುದು? ಗೇಟಿನ ಅಡ್ಡಗಂಬದಿಂದ ಹೊರಗೆ ಎರಡು ಹೆಜ್ಜೆಯಲ್ಲಿ ಮುಂಥಾಲಿಯ ಗುಡಿಸಲಿತ್ತು. ನಿಯಮದ ಪ್ರಕಾರ ಅದು ಕಾಡಲ್ಲ. ನಿಯಮದ ಮಾತು ಬಂದಾಗ ಇಲ್ಲವೆನ್ನಲು ಮುಂಥಾಲಿಗೆ ಬಾಯಿಬರಲಿಲ್ಲ.

ಸಿಂಹದ ಪೆಟ್ಟಿಗೆಯಲ್ಲಿ ಮಲಗಿ ಎದ್ದ ಮೇಲೆ ಆ ಹುಂಜಕ್ಕೆ ಹಗಲು ರಾತ್ರಿಯ ವ್ಯತ್ಯಾಸ ಹೋಗಿಬಿಟ್ಟಿತ್ತು. ಕತ್ತಲಾದಾಗ ಕೂಗಿತು, ಚಂದ್ರ ಮೂಡಿದಾಗ ಕೂಗಿತು, ದೂರದಲ್ಲಿ ಸಿಂಹ ಗರ್ಜಿಸಿದರೆ ಅದಕ್ಕೆ ಉತ್ತರವಾಗಿ ಕೂಗಿತು. ವಾರ ಕಳೆಯುವಷ್ಟರಲ್ಲಿ ಮುಂಥಾಲಿಯ ಅಂಗಿಯ ಇಸ್ತ್ರಿ ಕೆಟ್ಟಿತು. ಇನ್ನೊಂದು ವಾರಕ್ಕೆ ಆತ ಬರುವ ಪ್ರವಾಸಿಗಳನ್ನೆಲ್ಲ, "ಮ್ತೆಂಜೆಯವರ ಮನೆ ಮದುವೆ ಯಾವಾಗ ಅಂತ ನಿಮಗೇನಾದ್ರೂ ಗೊತ್ತಾ?" ಎಂದು ಕೇಳತೊಡಗಿದ. ಬಿಳಿಯ ಪ್ರವಾಸಿಗಳನ್ನೂ ಬಿಡಲಿಲ್ಲ.

ಭಾನುವಾರ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವ ದಿನ. ಮೊದಲ ಬೆಂಚಿನಲ್ಲಿ ಯಮಿಕಾನಿ ಹೊಸ ಅಂಗಿಯಲ್ಲಿ, ತೋಳು ಸರಿಯಾಗಿಯೇ ಇದ್ದ ಅಂಗಿಯಲ್ಲಿ, ಕುಳಿತಿದ್ದ. ಆಚೆ ಕಡೆ ಜಿಯೋನೆ, ಅವಳ ಪಕ್ಕ ಲಾಸ್ಟನ್. ಪಾದ್ರಿಗಳು ಇಬ್ಬರ ಹೆಸರನ್ನೂ ಓದಿ, ರೂಢಿಯಂತೆ ಕೇಳಿದರು:

"ಈ ಮದುವೆಯ ಬಗ್ಗೆ ಯಾರಿಗಾದರೂ ಆಕ್ಷೇಪವಿದ್ದರೆ ಈಗಲೇ ತಿಳಿಸಬೇಕು. ಪ್ರಕಟಣೆಯನ್ನು ಹೀಗೆಯೇ ಮೂರು ಭಾನುವಾರ ಓದಲಾಗುವುದು."

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಕಣ್ಣು ಕೆಂಪಗೆ, ಗಡ್ಡ ಬೆಳೆದು, ಗುರುತೇ ಸಿಗದಂತಾಗಿದ್ದ ಡಾರ್ಲಿಂಗ್ಟನ್ ಮುಂಥಾಲಿ.

"ನನ್ನದೊಂದು ಆಕ್ಷೇಪ ಇದೆ," ಎಂದ.

ಎನೆಲೆಸಿ ಎದೆ ಹಿಡಿದುಕೊಂಡಳು. ಜೈಲೋಸಿಯವರ ಕೈಯಿಂದ ಕೀರ್ತನೆ ಪುಸ್ತಕ ಜಾರಿತು.

"ಏನು ಆಕ್ಷೇಪ?" ಎಂದು ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಮೂರು ಭಾನುವಾರ ಯಾಕೆ ಅಯ್ಯಾ?" ಎಂದ ಮುಂಥಾಲಿ, ಅಳುವ ದನಿಯಲ್ಲಿ. "ಎಲ್ಲರೂ ಇಲ್ಲೇ ಇದಾರೆ. ಇವತ್ತೇ ಮೂರು ಸಲ ಓದಿಬಿಡಿ."